ಹೂಳೆತ್ತುವ ಕಾಲ

ಬೀದರ ನಗರದ ಸೆರಗಿನಲ್ಲಿ ನೌಬಾದ ಎಂಬ ಊರಿದೆ. ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದ ಅದು ಇಂದು ಬೆಳೆಯುತ್ತಿರುವ ನಗರದ ಒಂದು ಭಾಗವೇ ಆಗಿದೆ. ರಸ್ತೆಯ ಮೇಲೆ ಓಡಾಡುವ ಪ್ರಯಾಣಿಕನಿಗೆ ಅಲ್ಲಿ ಮನೆ, ಅಂಗಡಿ, ಕಚೇರಿಗಳ ಸಾಲು ಮಾತ್ರ ಕಾಣುತ್ತದೆ. ಆದರೆ ಅವನ ಕಾಲ ಕೆಳಗೆ, ಕೆಂಪು ಜಂಬಿಟ್ಟಿಗೆಯ ನೆಲದೊಳಗೆ, ಐನೂರು ವರ್ಷಗಳಿಗೂ ಹಿಂದೆ ಮನುಷ್ಯರ ಕೈಗಳು ಕೊರೆದ ನೀರಿನ ದಾರಿಯೊಂದಿದೆ. ಊರವರು ಅದನ್ನು ಸುರಂಗಬಾವಿ ಎಂದು ಕರೆಯುತ್ತಾರೆ. ಇತಿಹಾಸಕಾರರು ಅದನ್ನು ಕರೇಜ್ ಎನ್ನುತ್ತಾರೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಬದಲಾಯಿಸಿದರು. ಬೀದರವು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮಾಂಜ್ರಾ ನದಿ ಹರಿಯುವುದು ದೂರದ ಕೆಳಗಿನ ಬಯಲಿನಲ್ಲಿ. ಎತ್ತರದ ಮೇಲೆ ನೆಲೆಸಿದ ನಗರಕ್ಕೆ ನೀರು ಎಲ್ಲಿಂದ ಬರಬೇಕು? ಇದಕ್ಕೆ ಉತ್ತರವನ್ನು ಆ ನೆಲವೇ ಒದಗಿಸಿತು. ಮೇಲಿನ ಪದರವಾದ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದುದು. ಬಿದ್ದ ಮಳೆಯನ್ನು ಅದು ಹೀರಿಕೊಳ್ಳುತ್ತದೆ. ಅದರ ಅಡಿಯಲ್ಲಿರುವ ಕರಿಕಲ್ಲು ಗಟ್ಟಿಯಾದುದರಿಂದ ನೀರು ಅಲ್ಲಿ ತಡೆದು ನಿಲ್ಲುತ್ತದೆ, ಬಿರುಕುಗಳ ಗುಂಟ ನಿಧಾನವಾಗಿ ಜರುಗುತ್ತದೆ. ಈ ಮರ್ಮವನ್ನು ಅಂದಿನ ಕುಶಲಿಗಳು ಅರಿತರು. ಇರಾನ್ ದೇಶದಲ್ಲಿ ಬಹು ಪ್ರಾಚೀನ ಕಾಲದಿಂದ ಬಳಕೆಯಲ್ಲಿದ್ದ ವಿದ್ಯೆಯನ್ನು ಅವರು ದಖನ್ನಿನ ಈ ಕಲ್ಲಿಗೆ ಹೊಂದಿಸಿದರು. ನೀರು ದೊರೆಯುವ ಎತ್ತರದ ಸ್ಥಳದಲ್ಲಿ ಒಂದು ತಾಯಿಬಾವಿಯನ್ನು ತೋಡಿ, ಅಲ್ಲಿಂದ ಸ್ವಲ್ಪವೇ ಇಳಿಜಾರಿರುವ ಸುರಂಗವನ್ನು ಕೊರೆದರು. ಗಾಳಿ ಬೆಳಕುಗಳಿಗಾಗಿ, ಅಗೆದ ಮಣ್ಣನ್ನು ಮೇಲೆತ್ತುವುದಕ್ಕಾಗಿ, ಅಲ್ಲಲ್ಲಿ ನೆಟ್ಟಗೆ ಬಾವಿಯಂಥ ಬಾಯಿಗಳನ್ನು ಬಿಟ್ಟರು. ನೌಬಾದದ ಸುರಂಗ ಸುಮಾರು 3 ಕಿಲೋಮೀಟರ್ ಉದ್ದವಾಗಿದ್ದು, ಅದಕ್ಕೆ ಇಪ್ಪತ್ತರಷ್ಟು ಬಾಯಿಗಳಿವೆ. ಅಲ್ಲಿ ಏತವಿಲ್ಲ, ಕಪಿಲೆಯಿಲ್ಲ, ಯಂತ್ರವಿಲ್ಲ. ಇಳಿಜಾರನ್ನೇ ಆಶ್ರಯಿಸಿ ನೀರು ತಾನಾಗಿ ಹರಿಯುತ್ತಿತ್ತು.

ರಾಜ್ಯಗಳು ಅಳಿದವು. ಸುರಂಗವನ್ನು ನೋಡಿಕೊಳ್ಳುವ ಕೈಗಳೂ ಕಡಿಮೆಯಾದವು. ಪ್ರತಿ ಮಳೆಗಾಲದಲ್ಲಿ ಒಂದಿಷ್ಟು ಮಣ್ಣು ಬಾಯಿಗಳ ಮೂಲಕ ಒಳಗೆ ಜಾರಿತು. ಕಸಕಡ್ಡಿ ಬಿದ್ದಿತು. ಕೆಲವು ಬಾಯಿಗಳು ಮುಚ್ಚಿಯೇ ಹೋದವು. ಬರಬರುತ್ತ ಅಂಥದೊಂದು ನೀರಿನ ದಾರಿ ಇದೆಯೆಂಬುದನ್ನೇ ಬಹುಮಂದಿ ಮರೆತರು. ಈ ಶತಮಾನದ ಎರಡನೆಯ ದಶಕದಲ್ಲಿ ವಿದ್ವಾಂಸರು ಅದರ ಜಾಡನ್ನು ಗುರುತಿಸಿದರು. 2015ರ ಸುಮಾರಿಗೆ ಹೂಳೆತ್ತುವ ಕೆಲಸ ನಡೆಯಿತು. ಬುಟ್ಟಿ ಬುಟ್ಟಿ ಮಣ್ಣು ಮೇಲೆ ಬಂದಂತೆ, ಸುರಂಗದ ತಳದಲ್ಲಿ ತಿಳಿನೀರು ಮತ್ತೆ ಕಾಣಿಸಿಕೊಂಡಿತು. ಅಷ್ಟು ವರ್ಷ ನೀರು ಬತ್ತಿರಲಿಲ್ಲ. ಅದರ ದಾರಿ ಮಾತ್ರ ಮುಚ್ಚಿತ್ತು.

ಕೆರೆ ಬಾವಿಗಳ ಹೂಳೆತ್ತುವುದಕ್ಕೆ ಒಂದು ಕಾಲವಿದೆ. ತುಂಬಿ ತುಳುಕುವ ಬಾವಿಗೆ ಯಾರೂ ಇಳಿಯಲಾರರು. ನೀರು ತಳ ಕಂಡಾಗ, ಎಂದರೆ ಬೇಸಿಗೆಯ ಕೊನೆಯಲ್ಲಿ, ಆ ಕೆಲಸ ನಡೆಯಬೇಕು. ಮೊದಲ ಮಳೆ ಬೀಳುವುದರೊಳಗೆ ಅದು ಮುಗಿಯಲೂಬೇಕು. ನೀರಿಲ್ಲದ ಕಾಲವನ್ನು ನೋಡಿ ಕೊರಗುವವನಿಗೆ ಆ ದಿನಗಳು ಕೇವಲ ಕಷ್ಟದ ದಿನಗಳು. ಬಲ್ಲವನಿಗೆ ಅವು ಬಾವಿಯ ತಳವನ್ನು ಕಾಣುವ ಅಪೂರ್ವ ಅವಕಾಶ. ಋತುಗಳ ಬದಲಾವಣೆಯನ್ನು ಮನುಷ್ಯನು ತನ್ನ ಬಾಳಿನ ನವೀಕರಣಕ್ಕೆ ಬಳಸಿಕೊಳ್ಳುವ ಬಗೆಯನ್ನು ಈ ಒಂದು ಕೆಲಸದಿಂದಲೇ ಕಲಿಯಬಹುದು.

ಭೂಮಿಯ ಅಕ್ಷವು ಸುಮಾರು ಇಪ್ಪತ್ಮೂರೂವರೆ ಡಿಗ್ರಿಗಳಷ್ಟು ವಾಲಿಕೊಂಡಿರುವುದರಿಂದ, ಅದು ಸೂರ್ಯನನ್ನು ಸುತ್ತುವಾಗ ಬೇರೆ ಬೇರೆ ತಿಂಗಳುಗಳಲ್ಲಿ ಬೇರೆ ಬೇರೆ ಪ್ರಮಾಣದ ಬಿಸಿಲನ್ನು ಪಡೆಯುತ್ತದೆ. ಋತುಭೇದಕ್ಕೆ ಇದೇ ಮೂಲಕಾರಣ. ನಮ್ಮ ಹಿರಿಯರು ವರ್ಷವನ್ನು ವಸಂತ, ಗ್ರೀಷ್ಮ, ವರ್ಷ, ಶರದ್, ಹೇಮಂತ, ಶಿಶಿರ ಎಂಬ ಆರು ಋತುಗಳಾಗಿ ವಿಂಗಡಿಸಿದರು. ಒಂದೊಂದು ಋತುವಿಗೆ ಎರಡೆರಡು ತಿಂಗಳು. ಬೇಸಾಯಗಾರನ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮವಾದುದು. ಸೂರ್ಯನು ನಡೆಯುವ ದಾರಿಯನ್ನು 27 ನಕ್ಷತ್ರಗಳಾಗಿ ಭಾಗಿಸಿ, ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯ ಹೆಸರನ್ನು ಅವನು ಇಟ್ಟುಕೊಂಡಿದ್ದಾನೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಆ ಮಾಲೆ ಸಾಗುತ್ತದೆ. ಜೂನ್ ತಿಂಗಳ 7 ಅಥವಾ 8ರ ಸುಮಾರಿಗೆ ಮೃಗಶಿರಾ ಕೂಡುತ್ತದೆ. ಅದನ್ನೇ ಉತ್ತರ ಕರ್ನಾಟಕದ ರೈತರು ಮಿರಗ ಎಂದು ಕರೆದು, ಮುಂಗಾರಿನ ಬಾಗಿಲೆಂದು ತಿಳಿಯುತ್ತಾರೆ.

ಆದರೆ ಮಿರಗ ಬಂದ ಮೇಲೆ ನೇಗಿಲನ್ನು ಹುಡುಕುವ ರೈತನಿಗೆ ಆ ಮಳೆಯಿಂದ ಪ್ರಯೋಜನ ಅಲ್ಪ. ಭಾಲ್ಕಿ, ಔರಾದ ಸೀಮೆಯ ಹೊಲಗಳಲ್ಲಿ ಮುಂಗಾರಿನ ಕೆಲಸ ಬೇಸಿಗೆಯಲ್ಲಿಯೇ ಆರಂಭವಾಗುತ್ತದೆ. ಸುಗ್ಗಿ ಮುಗಿದ ಹೊಲವನ್ನು ಆಳವಾಗಿ ಉತ್ತು ಬಿಸಿಲಿಗೆ ಒಡ್ಡುತ್ತಾರೆ. ಹೆಂಟೆಗಳು ಕಾದು ಬಿರಿಯುತ್ತವೆ. ಕಳೆಯ ಬೇರುಗಳು ಒಣಗುತ್ತವೆ. ಮಣ್ಣಿನೊಳಗೆ ಅಡಗಿದ್ದ ಕೀಟಗಳ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ. ಹಿಂದಿನ ಬೆಳೆಯ ಕೂಳೆಯನ್ನು ಆರಿಸಿ ತೆಗೆಯುತ್ತಾರೆ. ಒಡೆದ ಒಡ್ಡುಗಳನ್ನು ಕಟ್ಟುತ್ತಾರೆ. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ಹರಡುತ್ತಾರೆ. ಮನೆಯ ಹೆಣ್ಣುಮಕ್ಕಳು ಬೂದಿ ಬೆರೆಸಿ, ಬೇವಿನ ಎಲೆಗಳೊಡನೆ ಕಾಪಾಡಿದ ಬೀಜವನ್ನು ಹೊರತೆಗೆದು ಹಸನುಗೊಳಿಸುತ್ತಾರೆ. ಇಂದು ಅನೇಕ ಕಡೆ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ; ಅಂಗಡಿಯ ಬೀಜವೂ ಬಂದಿದೆ. ಕೆಲಸದ ಕ್ರಮ ಮಾತ್ರ ಬದಲಾಗಿಲ್ಲ. ಮಳೆ ಎಲ್ಲರ ಹೊಲಕ್ಕೂ ಸಮಾನವಾಗಿ ಬೀಳುತ್ತದೆ. ಉತ್ತಿಟ್ಟ ಹೊಲ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಟ್ಟಿಯಾಗಿ ಬಿದ್ದ ಹೊಲ ಅದನ್ನು ಹಳ್ಳಕ್ಕೆ ಹರಿಯಬಿಡುತ್ತದೆ.

ಮನುಷ್ಯನ ಮನಸ್ಸಿನ ಸ್ಥಿತಿಯೂ ಹೀಗೆಯೇ. ಯುಗಾದಿ ಬಂದಿತೆಂದು, ಮಳೆಗಾಲ ತೊಡಗಿತೆಂದು, ಶಾಲೆಯ ಹೊಸ ವರ್ಷ ಆರಂಭವಾಯಿತೆಂದು ಯಾರೂ ತಾನಾಗಿ ಹೊಸಬರಾಗುವುದಿಲ್ಲ. ಹೊಸ ಬಟ್ಟೆ ಹೊಸ ಪುಸ್ತಕಗಳ ಸಂಭ್ರಮ ಕೆಲವು ದಿನಗಳಲ್ಲಿ ಹಳತಾಗುತ್ತದೆ. ಋತುವು ಅವಕಾಶವನ್ನು ತಂದು ಬಾಗಿಲಲ್ಲಿ ಇಡುತ್ತದೆ, ಅಷ್ಟೇ. ಅದನ್ನು ಒಳಗೆ ಬರಮಾಡಿಕೊಳ್ಳಲು ಮೂರು ಕೆಲಸಗಳು ಅವಶ್ಯ. ಅವು ಕಳೆಯುವುದು, ಬಿತ್ತುವುದು ಮತ್ತು ಹಿಡಿದಿಡುವುದು.

ಕಳೆಯುವ ಕಲೆಯಲ್ಲಿ ಮರವೇ ಗುರು. ಶಿಶಿರದಲ್ಲಿ ಬೇವು, ಮುತ್ತುಗ, ತೇಗ ಮೊದಲಾದ ಮರಗಳು ಎಲೆ ಉದುರಿಸುತ್ತವೆ. ನೋಡುವವರಿಗೆ ಅದು ಗಾಳಿಯ ಹಾವಳಿಯಂತೆ ಕಾಣಬಹುದು. ವಾಸ್ತವದಲ್ಲಿ ಅದು ಮರವೇ ನಡೆಸುವ ವ್ಯವಸ್ಥಿತವಾದ ಕಾರ್ಯ. ಎಲೆಗಳ ಮೂಲಕ ನೀರು ಆವಿಯಾಗಿ ಹೋಗುತ್ತಿರುತ್ತದೆ. ಒಣಗಾಲದಲ್ಲಿ ಆ ವೆಚ್ಚವನ್ನು ತಡೆಯದಿದ್ದರೆ ಮರಕ್ಕೆ ಉಳಿಗಾಲವಿಲ್ಲ. ಆದುದರಿಂದ ಅದು ಮೊದಲು ಎಲೆಯಲ್ಲಿರುವ ಸತ್ವದ ಬಹುಭಾಗವನ್ನು ಕೊಂಬೆ ಕಾಂಡಗಳಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅನಂತರ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಪದರವನ್ನು ಬೆಳೆಸಿ ಗಾಯವನ್ನು ಮೊದಲೇ ಮುಚ್ಚುತ್ತದೆ. ಅದಾದ ಮೇಲೆಯೇ ಎಲೆಯನ್ನು ಗಾಳಿಗೆ ಬಿಡುತ್ತದೆ. ಆದುದರಿಂದಲೇ ಎಲೆಯಿಲ್ಲದ ಮುತ್ತುಗದಲ್ಲಿ ಬೆಂಕಿಯಂಥ ಹೂವು ಅರಳುತ್ತದೆ. ಬೋಳಾದ ಬೇವು ಚೈತ್ರಕ್ಕೆ ಚಿಗುರಿ ಹೂ ತಳೆದು ಯುಗಾದಿಯ ಬೇವುಬೆಲ್ಲಕ್ಕೆ ಒದಗುತ್ತದೆ.

ಮನುಷ್ಯನು ತನ್ನ ದೋಷಗಳನ್ನು ಬಿಡಲು ಹೊರಟಾಗ ಮರದ ಈ ಕ್ರಮವನ್ನು ಮರೆಯುತ್ತಾನೆ. ಸಿಟ್ಟಿನಿಂದ ಎಲೆಗಳನ್ನು ಹರಿದೆಸೆದಂತೆ, ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟುಬಿಡುವ ಪ್ರತಿಜ್ಞೆ ಮಾಡುತ್ತಾನೆ. ಕಳೆದ ವರ್ಷ ಗಣಿತದಲ್ಲಿ ಹಿಂದೆ ಬಿದ್ದ ಹುಡುಗನು ತಾನು ದಡ್ಡನೆಂದು ನಿರ್ಧರಿಸಿ ಪುಸ್ತಕವನ್ನು ಮೂಲೆಗೆ ಎಸೆದರೆ, ಅವನು ಕಳೆದುಕೊಂಡದ್ದು ದೋಷವನ್ನಲ್ಲ, ಸತ್ವವನ್ನು. ಸೋಲಿನಲ್ಲಿಯೂ ಹೀರಿಕೊಳ್ಳತಕ್ಕ ಸಾರವಿರುತ್ತದೆ. ಎಲ್ಲಿ ತಪ್ಪಿತು, ಯಾವ ಪಾಠ ಅರ್ಥವಾಗದೆ ಉಳಿಯಿತು, ಯಾವ ಹೊತ್ತು ವ್ಯರ್ಥವಾಯಿತು ಎಂಬ ತಿಳಿವಳಿಕೆಯೇ ಆ ಸಾರ. ಕೆರೆಯಿಂದ ಎತ್ತಿದ ಹೂಳನ್ನು ರೈತನು ಕಸವೆಂದು ಎಣಿಸುವುದಿಲ್ಲ. ಬಂಡಿಯಲ್ಲಿ ತುಂಬಿ ಹೊಲಕ್ಕೆ ಹಾಕುತ್ತಾನೆ. ಕೆರೆಗೆ ಭಾರವಾಗಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ.

ಎರಡನೆಯ ಕೆಲಸ ಬಿತ್ತುವುದು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬುದು ಕನ್ನಡದ ಒಂದು ಹಳೆಯ ಗಾದೆ. ಹದ ಎಂಬ ಈ ಎರಡಕ್ಷರದ ಮಾತಿನಲ್ಲಿ ಬೇಸಾಯದ ಅರ್ಧ ಶಾಸ್ತ್ರವೇ ಅಡಗಿದೆ. ಹಸಿ ಹೆಚ್ಚಾದರೂ ಸಲ್ಲದು, ಕಡಿಮೆಯಾದರೂ ಸಲ್ಲದು. ಬೀದರದ ಸುತ್ತಲಿನ ಕೆಂಪು ನೆಲ ಬೇಗ ನೆನೆಯುತ್ತದೆ, ಬೇಗ ಒಣಗುತ್ತದೆ; ಅಲ್ಲಿ ತಡ ಮಾಡಿದವನು ಕೆಟ್ಟ. ಔರಾದದ ಕಡೆಯ ಕರಿ ನೆಲ ತಡವಾಗಿ ಹದಕ್ಕೆ ಬರುತ್ತದೆ. ಅಲ್ಲಿ ಆತುರಪಟ್ಟರೆ ಮಣ್ಣು ಕುಂಟೆಗೆ ಮೆತ್ತಿಕೊಳ್ಳುತ್ತದೆ. ಮನುಷ್ಯರ ಸ್ವಭಾವವೂ ನೆಲದಂತೆ ಭಿನ್ನ ಭಿನ್ನವಾಗಿದೆ. ಒಬ್ಬನಿಗೆ ಬೆಳಗಿನ ಜಾವದಲ್ಲಿ ಓದಿದ್ದು ನಾಟುತ್ತದೆ, ಮತ್ತೊಬ್ಬನಿಗೆ ಸಂಜೆಯಲ್ಲಿ. ಒಬ್ಬಳು ಕೇಳಿ ಕಲಿಯುತ್ತಾಳೆ, ಇನ್ನೊಬ್ಬಳು ಬರೆದು ಕಲಿಯುತ್ತಾಳೆ. ನೆರೆಹೊಲದವನು ಬಿತ್ತಿದನೆಂದು ಬಿತ್ತುವುದು ಜಾಣತನವಲ್ಲ. ತನ್ನ ನೆಲದ ಗುಣವನ್ನು ತಾನು ಅರಿಯಬೇಕು.

ಏನನ್ನು ಬಿತ್ತಬೇಕೆಂಬುದೂ ವಿಚಾರಣೀಯ. ಈ ಸೀಮೆಯ ರೈತರು ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದನ್ನು ಬಿತ್ತುವುದುಂಟು. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ತೊಗರಿಗೆ ಆರು ತಿಂಗಳವರೆಗೆ ಕಾಯಬೇಕು. ಮೊದಲನೆಯದು ಕೊಟ್ಟ ಹಣದಿಂದ ಮನೆ ನಡೆಯುತ್ತದೆ. ಎರಡನೆಯದನ್ನು ಕಾಯುವ ಧೈರ್ಯ ಬರುತ್ತದೆ. ದೊಡ್ಡ ಗುರಿಯೊಂದನ್ನೇ ಇಟ್ಟುಕೊಂಡವನು ಅದು ದೂರವಿರುವುದನ್ನು ಕಂಡು ನಡುದಾರಿಯಲ್ಲಿ ಕೈಚೆಲ್ಲುತ್ತಾನೆ. ಅದರ ಬದಿಯಲ್ಲಿ ಬೇಗ ಕೈಗೂಡುವ ಸಣ್ಣ ಗುರಿಯೊಂದಿದ್ದರೆ ಉತ್ಸಾಹ ಉಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆಯುವುದು ತೊಗರಿ. ಈ ಎರಡು ತಿಂಗಳಲ್ಲಿ ಕೈಬರಹವನ್ನು ತಿದ್ದಿಕೊಳ್ಳುವುದು ಹೆಸರು.

ಋತುವಿನ ಆರಂಭದಲ್ಲಿ ಮನುಷ್ಯನಿಗೆ ಹೊಸ ಉತ್ಸಾಹ ಮೂಡುವುದು ಕೇವಲ ಕವಿಸಮಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹೆಂಗ್‌ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಸಂಶೋಧಕರು ಈ ವಿಷಯವನ್ನು ಪರೀಕ್ಷಿಸಿ 2014ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ವಾರದ ಮೊದಲಲ್ಲಿ, ತಿಂಗಳ ಮೊದಲಲ್ಲಿ, ವರ್ಷದ ಮತ್ತು ವಿದ್ಯಾಭ್ಯಾಸದ ಅವಧಿಯ ಮೊದಲಲ್ಲಿ ಹೆಚ್ಚು ಮಂದಿ ವ್ಯಾಯಾಮಶಾಲೆಗೆ ಹೋಗುವುದನ್ನೂ, ಹೊಸ ಸಂಕಲ್ಪಗಳನ್ನು ಕೈಗೊಳ್ಳುವುದನ್ನೂ ಅವರು ಕಂಡರು. ಕಾಲದಲ್ಲಿ ಒಂದು ಗೆರೆ ಎಳೆದಂತಾದಾಗ, ಹಿಂದಿನ ಸೋಲುಗಳು ಗೆರೆಯ ಆಚೆಗೆ ಉಳಿದಂತೆ ಮನುಷ್ಯನಿಗೆ ಅನಿಸುತ್ತದೆ. ಈಚೆಗಿರುವವನು ಹೊಸಬನೆಂಬ ಭಾವ ಬರುತ್ತದೆ. ಗಾಳಿ ಬಂದಾಗ ತೂರಿಕೊ ಎಂಬ ಗಾದೆಯನ್ನು ಕಟ್ಟಿದ ನಮ್ಮ ಜನಕ್ಕೆ ಈ ಮಾತು ಅಪರಿಚಿತವಾದುದಲ್ಲ. ಕಣದಲ್ಲಿ ರಾಶಿ ಹಾಕಿಕೊಂಡು ಸಿದ್ಧನಾಗಿ ನಿಂತವನಿಗೆ ಮಾತ್ರ ಆ ಗಾಳಿ ಉಪಯೋಗಕ್ಕೆ ಬರುತ್ತದೆ.

ಆದರೆ ಆರಂಭದ ಉತ್ಸಾಹ ಬೇಗ ಇಳಿಯುತ್ತದೆ. ಹಾಗಾದರೆ ಒಂದು ಹೊಸ ಅಭ್ಯಾಸ ಬೇರೂರಲು ಎಷ್ಟು ಕಾಲ ಬೇಕು? ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ಉಪಾಹಾರವಾದೊಡನೆ, ಅದನ್ನು ಮಾಡಬೇಕಾಗಿತ್ತು. ಅದು ಪ್ರಯತ್ನವಿಲ್ಲದೆ ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ ಸಾಕಾಯಿತು. ಕೆಲವರಿಗೆ 254 ದಿನಗಳು ಬೇಕಾದೀತೆಂದು ಲೆಕ್ಕ ತೋರಿಸಿತು. ಇವುಗಳ ನಡುವಿನ ಪ್ರಮಾಣ 66 ದಿನ. ನಮ್ಮ ಹಿರಿಯರ ಒಂದು ಋತುವಿನ ಅವಧಿಯೂ ಸುಮಾರು ಅಷ್ಟೇ. ಆದುದರಿಂದ ಒಂದು ಋತುವಿಗೆ ಒಂದೇ ಬೀಜ ಎಂದು ನಿಯಮ ಮಾಡಿಕೊಂಡವನು ವರ್ಷಕ್ಕೆ ಆರು ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಳ್ಳಲು ಯತ್ನಿಸಬಹುದು. ಆರರಲ್ಲಿ ಮೂರು ನಿಂತರೂ ಅದು ಸಣ್ಣ ಸಂಪಾದನೆಯಲ್ಲ.

ಅದೇ ಅಧ್ಯಯನ ಇನ್ನೊಂದು ಸಮಾಧಾನದ ಮಾತನ್ನೂ ಹೇಳಿತು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸ ಕೆಡುವುದಿಲ್ಲ. ಬೇಸಾಯಗಾರನಿಗೆ ಇದು ತಿಳಿದ ಸಂಗತಿ. ಮಿರಗದಲ್ಲಿ ಬಿತ್ತಿದ ಬೀಜ ಮೊಳೆತ ಮೇಲೆ ಮಳೆ ಕೈಕೊಟ್ಟರೆ ಸಸಿಗಳು ಒಣಗುತ್ತವೆ. ರೈತನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಬೀಜಕ್ಕೆ ತಂದ ಸಾಲ ಕಣ್ಣಮುಂದೆ ನಿಲ್ಲುತ್ತದೆ. ಆದರೂ ಆರಿದ್ರಾ ಸುರಿದಾಗ ಅವನು ಕೂರಿಗೆಯನ್ನು ಮತ್ತೆ ಹೂಡುತ್ತಾನೆ. ಒಮ್ಮೆ ಸೋತ ಹೊಲವನ್ನು ಬೀಳು ಬಿಡುವುದಕ್ಕಿಂತ ಮರುಬಿತ್ತನೆ ಲೇಸೆಂದು ಅವನು ಬಲ್ಲನು. ಎಲ್ಲ ಸೋಲುಗಳಿಗೂ ಸೋಮಾರಿತನವೇ ಕಾರಣವಲ್ಲ. ಮನೆಯ ಬಡತನ, ಕಾಯಿಲೆ, ಹಿರಿಯರ ಅಗಲಿಕೆ ಇವೂ ವಿದ್ಯಾರ್ಥಿಯ ಬಾಳಿನಲ್ಲಿ ತಪ್ಪಿದ ಮಳೆಗಳೇ. ಅಂಥವನನ್ನು ಹಳಿಯುವುದು ಅನ್ಯಾಯ. ಮುಂದಿನ ಮಳೆಗೆ ಬೀಜವನ್ನು ಒದಗಿಸುವುದು ನೆರೆಹೊರೆಯವರ ಧರ್ಮ.

ಮೂರನೆಯ ಕೆಲಸ ಹಿಡಿದಿಡುವುದು. ಔರಾದ, ಭಾಲ್ಕಿಯ ಕರಿ ಮಣ್ಣು ಈ ವಿದ್ಯೆಯಲ್ಲಿ ನಿಪುಣ. ಬೇಸಿಗೆಯಲ್ಲಿ ಅದು ಆಳವಾಗಿ ಬಿರುಕು ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕುಗಳಲ್ಲಿ ಉದುರಿ ತಳ ಸೇರುತ್ತದೆ. ಮಣ್ಣು ತನ್ನನ್ನು ತಾನೇ ಉತ್ತುಕೊಂಡಂತಾಗುತ್ತದೆ. ಮಳೆಗಾಲದಲ್ಲಿ ಆ ಬಿರುಕುಗಳ ಮೂಲಕ ನೀರು ಆಳಕ್ಕೆ ಇಳಿಯುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಹಿಂಗಾರಿ ಜೋಳಕ್ಕೂ ಕಡಲೆಗೂ ಮುಂದೆ ಹೆಚ್ಚಿನ ಮಳೆ ದೊರೆಯುವುದಿಲ್ಲ. ಹಿಂದಿನ ಋತುವಿನಲ್ಲಿ ಮಣ್ಣು ಕೂಡಿಟ್ಟ ತೇವವನ್ನೂ, ಚಳಿಗಾಲದ ಇಬ್ಬನಿಯ ತಂಪನ್ನೂ ನಂಬಿ ಅವು ಬೆಳೆದು ಫಲ ಕೊಡುತ್ತವೆ. ಕಲಿತದ್ದನ್ನು ಅಂದೇ ಖರ್ಚು ಮಾಡಿ ಮುಗಿಸದೆ, ಮನನದಿಂದ ಆಳಕ್ಕೆ ಇಳಿಸಿಕೊಂಡವನಿಗೆ ಮಳೆಯಿಲ್ಲದ ತಿಂಗಳುಗಳ ಭಯವಿಲ್ಲ.

ಈ ಸೀಮೆಯ ಜನ ಎಳ್ಳಮಾವಾಸ್ಯೆಯನ್ನು ಆಚರಿಸುವ ರೀತಿಯಲ್ಲಿಯೂ ಒಂದು ವಿವೇಕವಿದೆ. ಚಳಿಯ ಆ ದಿನ ಬೀದರ, ಭಾಲ್ಕಿ, ಔರಾದಗಳ ಬೀದಿಗಳು ಬಿಕೋ ಎನ್ನುತ್ತವೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಾರೆ. ಜೋಳದ ದಂಟಿನ ಕೊಂಪೆಯಲ್ಲಿ ಕಲ್ಲುಗಳನ್ನಿರಿಸಿ ಪೂಜಿಸುತ್ತಾರೆ. ಹೊಲದ ಸುತ್ತ ಚರಗ ಚೆಲ್ಲಿ, ಬಗೆಬಗೆಯ ಕಾಳು ಕಾಯಿಪಲ್ಲೆಗಳನ್ನು ಬೆರೆಸಿ ಮಾಡಿದ ಭಜ್ಜಿಯನ್ನೂ, ಸಜ್ಜೆಯ ರೊಟ್ಟಿಯನ್ನೂ, ಅಂಬಲಿಯನ್ನೂ ಕೂಡಿ ಉಣ್ಣುತ್ತಾರೆ. ಹೊಲವಿಲ್ಲದ ನೆರೆಯವರನ್ನು, ಬೇರೆ ಮತದ ಗೆಳೆಯರನ್ನು ಕರೆದೊಯ್ಯುವುದು ವಾಡಿಕೆ. ಗಮನಿಸಬೇಕಾದ ಸಂಗತಿಯೆಂದರೆ, ಇದು ಸುಗ್ಗಿ ಮುಗಿದ ಮೇಲಿನ ಹಬ್ಬವಲ್ಲ. ಜೋಳ ಇನ್ನೂ ಹೊಲದಲ್ಲಿ ನಿಂತಿರುವಾಗಿನ ಹಬ್ಬ. ಬೆಳೆ ಕೈಗೆ ಬರುವ ಮೊದಲೇ, ನಡುದಾರಿಯಲ್ಲಿ ಒಂದು ದಿನ ನಿಂತು, ಬೆಳೆದದ್ದನ್ನು ಕಣ್ತುಂಬ ನೋಡಿ, ನೆಲಕ್ಕೆ ಕೃತಜ್ಞತೆ ಸಲ್ಲಿಸುತ್ತಾರೆ. ದುಡಿಮೆಯ ನಡುವೆ ಇಂಥ ವಿರಾಮವೂ ನವೀಕರಣದ ಒಂದು ಅಂಗ.

ಋತುಸಂಧಿಯನ್ನು ಆತ್ಮಶೋಧನೆಗೆ ಮೀಸಲಿಟ್ಟ ಜನಾಂಗಗಳು ಹಲವು. ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೆಡೆ ನಿಲ್ಲುತ್ತಾರೆ. ಅದು ಮುಗಿದಾಗ, ತನ್ನಲ್ಲಿ ಕಂಡ ತಪ್ಪುಗಳನ್ನು ಹೇಳಿರೆಂದು ಪ್ರತಿಯೊಬ್ಬನೂ ಸಂಘವನ್ನು ಬೇಡಿಕೊಳ್ಳುವ ಪದ್ಧತಿಯಿದೆ. ಜೈನರು ಮಳೆಗಾಲದ ಪರ್ಯುಷಣ ಪರ್ವದಲ್ಲಿ ಪರಸ್ಪರ ಕ್ಷಮೆ ಕೇಳುತ್ತಾರೆ. ಉತ್ತರ ಕರ್ನಾಟಕದ ಊರೂರುಗಳ ಮಠ ಮಂದಿರಗಳಲ್ಲಿ ಶ್ರಾವಣ ಮಾಸವಿಡೀ ಪುರಾಣ ಪ್ರವಚನಗಳು ನಡೆಯುತ್ತವೆ. ಕರೇಜಿನ ವಿದ್ಯೆ ಬಂದ ಇರಾನಿನಲ್ಲಿ ಹೊಸ ವರ್ಷವಾದ ನವ್ರೋಜ್ ವಸಂತದ ಮೊದಲ ದಿನ, ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುತ್ತದೆ. ಅದಕ್ಕೆ ಮುನ್ನ ಮನೆಯ ಮೂಲೆಮೂಲೆಯನ್ನೂ ತೊಳೆಯುತ್ತಾರೆ. ಆ ಶುದ್ಧೀಕರಣಕ್ಕೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥ ಮನೆಯನ್ನು ಕೊಡವುವುದು ಎಂದು. ದೇಶ ಮತಗಳು ಬೇರೆಯಾದರೂ, ಹೊಸದನ್ನು ಬರಮಾಡಿಕೊಳ್ಳುವ ಮೊದಲು ಹಳೆಯ ಧೂಳನ್ನು ತೆಗೆಯಬೇಕೆಂಬ ತಿಳಿವಳಿಕೆ ಒಂದೇ.

ಈ ತಿಳಿವಳಿಕೆಯನ್ನು ಮರೆತರೆ ತೆರಬೇಕಾದ ಬೆಲೆ ಸಣ್ಣದಲ್ಲ. 2015ರಲ್ಲಿ ಮಳೆ ಕೈಕೊಟ್ಟು ಬೀದರ ಸೀಮೆಯೂ ಅದರ ನೆರೆಯ ಮಹಾರಾಷ್ಟ್ರದ ಪ್ರದೇಶವೂ ಬರಗಾಲಕ್ಕೆ ತುತ್ತಾದವು. ಮರುವರ್ಷದ ಏಪ್ರಿಲ್ ತಿಂಗಳಲ್ಲಿ, ಬೀದರ ಜಿಲ್ಲೆಗೆ ಹೊಂದಿಕೊಂಡ ಲಾತೂರು ಜಿಲ್ಲೆಯ ಮುಖ್ಯ ನಗರಕ್ಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಿರಜದಿಂದ ರೈಲುಗಾಡಿಯಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. ಬೀದರ ಜಿಲ್ಲೆಯಲ್ಲಿ ಆ ಕಷ್ಟದ ದಿನಗಳಲ್ಲಿಯೇ ಅನೇಕ ಕೆರೆ ಬಾವಿಗಳ ಹೂಳೆತ್ತುವ ಕಾರ್ಯ ನಡೆಯಿತು. ಬರಗಾಲವು ಕೆರೆಗಳ ತಳವನ್ನು ತೋರಿಸಿತು; ಜನ ಆ ತಳಕ್ಕೆ ಗುದ್ದಲಿ ಹಿಡಿದು ಇಳಿದರು. 2016ರ ಸೆಪ್ಟೆಂಬರ್ ತಿಂಗಳಲ್ಲಿ ಧಾರಾಕಾರವಾಗಿ ಮಳೆ ಸುರಿದಾಗ, ಹೂಳೆತ್ತಿದ ಕೆರೆಗಳು ತಮ್ಮ ಒಡಲಲ್ಲಿ ಹೆಚ್ಚು ನೀರನ್ನು ಹಿಡಿದುಕೊಂಡವು. ಮಳೆಯನ್ನು ತರುವುದು ಮನುಷ್ಯನ ಕೈಯಲ್ಲಿರಲಿಲ್ಲ. ಅದು ಬಂದಾಗ ಜಾಗವಿರುವಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿತ್ತು.

ವಿದ್ಯಾರ್ಥಿಗೂ ಇದೇ ಮಾರ್ಗ. ಪರೀಕ್ಷೆಗಳು ಮುಗಿದು ಶಾಲೆ ಮತ್ತೆ ತೆರೆಯುವವರೆಗಿನ ಬೇಸಿಗೆಯ ದಿನಗಳು ಅವನ ಪಾಲಿಗೆ ಬಾವಿಯ ತಳ ಕಾಣುವ ದಿನಗಳು. ಆಟ, ಅಜ್ಜಿಯ ಊರು, ಮಾವಿನ ತೋಪು ಎಲ್ಲವೂ ಇರಲಿ, ಅವೂ ಬೇಕಾದವುಗಳೇ. ಅವುಗಳ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು, ಒಂದು ಹಾಳೆಯನ್ನು ಮುಂದಿಟ್ಟುಕೊಂಡು, ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಳ್ಳಬೇಕು. ಕಳೆದ ವರ್ಷ ಸೇರಿದ ಹೂಳು ಯಾವುದು? ಅದರಿಂದ ಉಳಿಸಿಕೊಳ್ಳತಕ್ಕ ಸಾರ ಯಾವುದು? ಬರುವ ಋತುವಿನಲ್ಲಿ ಬಿತ್ತಬೇಕಾದ ಒಂದು ಬೀಜ ಯಾವುದು? ಆ ಬೀಜ ಸಣ್ಣದಾಗಿರಲಿ. ಊಟವಾದೊಡನೆ ಹತ್ತು ಸಾಲು ಬರೆಯುವುದು, ಎದ್ದೊಡನೆ ಒಂದು ಪಾಠ ಓದುವುದು, ಮುನಿಸಿಕೊಂಡ ಗೆಳೆಯನೊಡನೆ ತಾನೇ ಮೊದಲು ಮಾತನಾಡುವುದು, ಇಂಥದು ಸಾಕು. ಎರಡು ತಿಂಗಳು ಕಳೆದ ಮೇಲೆ ಆ ಹಾಳೆಯನ್ನು ಮತ್ತೆ ತೆರೆದು ನೋಡಬೇಕು. ಮೊಳೆತಿದ್ದರೆ ಇನ್ನೊಂದನ್ನು ಬಿತ್ತಬೇಕು. ಒಣಗಿದ್ದರೆ ಮರುಬಿತ್ತನೆ ಇದ್ದೇ ಇದೆ.

ಕರ್ನಾಟಕದಲ್ಲಿ ಶಾಲೆಯ ವರ್ಷವೂ ಬೇಸಾಯದ ವರ್ಷವೂ ಹೆಚ್ಚುಕಡಿಮೆ ಒಟ್ಟಿಗೆ ಆರಂಭವಾಗುತ್ತವೆ. ಮಕ್ಕಳು ಹೊಸ ತರಗತಿಗೆ ಕಾಲಿಡುವ ದಿನಗಳಲ್ಲಿಯೇ ಅವರ ತಂದೆತಾಯಿಗಳು ಆಕಾಶದ ಕಡೆ ನೋಡುತ್ತಿರುತ್ತಾರೆ. ಹೊಲವನ್ನು ಹಸನು ಮಾಡಿಟ್ಟ ರೈತ ಮೋಡವನ್ನು ಕಂಡು ಹಿಗ್ಗುತ್ತಾನೆ. ಮಾಡದವನು ಅದೇ ಮೋಡವನ್ನು ಕಂಡು ಕಳವಳಪಡುತ್ತಾನೆ. ಮೋಡ ಇಬ್ಬರಿಗೂ ಒಂದೇ. ನೌಬಾದದ ಸುರಂಗವನ್ನು ಕೊರೆದವರು ಇಂದು ಇಲ್ಲ, ಅವರ ಹೆಸರುಗಳೂ ಉಳಿದಿಲ್ಲ. ಅವರು ತೋಡಿಕೊಟ್ಟ ದಾರಿಯಲ್ಲಿ ನೀರು ಹರಿಯಬೇಕಾದರೆ, ಪ್ರತಿಯೊಂದು ತಲೆಮಾರಿನವರೂ ಬೇಸಿಗೆಯಲ್ಲಿ ಒಮ್ಮೆ ಬುಟ್ಟಿ ಹಿಡಿದು ಒಳಗೆ ಇಳಿಯಲೇಬೇಕು.

ಅಭ್ಯಾಸ

1. ನೌಬಾದದ ಸುರಂಗಬಾವಿಯ ರಚನೆಯನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.
2. ‘ನೀರು ಬತ್ತಿರಲಿಲ್ಲ, ಅದರ ದಾರಿ ಮಾತ್ರ ಮುಚ್ಚಿತ್ತು.’ ಈ ಮಾತಿನ ಸ್ವಾರಸ್ಯವೇನು?
3. ಮರವು ಎಲೆ ಉದುರಿಸುವ ಕ್ರಮದಿಂದ ಮನುಷ್ಯನು ಕಲಿಯಬಹುದಾದ ಪಾಠ ಯಾವುದು?
4. ತೊಗರಿ ಮತ್ತು ಹೆಸರು ಬೆಳೆಗಳನ್ನು ಲೇಖಕರು ಯಾವುದಕ್ಕೆ ಹೋಲಿಸಿದ್ದಾರೆ? ಏಕೆ?
5. ಎಳ್ಳಮಾವಾಸ್ಯೆಯ ಆಚರಣೆಯಲ್ಲಿ ಅಡಗಿರುವ ವಿವೇಕವನ್ನು ತಿಳಿಸಿರಿ.
6. ನಿಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುನ್ನ ನಡೆಯುವ ಕೆಲಸಗಳನ್ನು ಹಿರಿಯರಿಂದ ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.